ಮನೆಯವರು ನೋಡುವ ಮುಖ

ಮಂಚದ ಕೆಳಗಿದ್ದುದನ್ನೆಲ್ಲ ಕಾಂತಿ ಒಂದೊಂದಾಗಿ ಹೊರಗೆಳೆದಳು. ಹಳೇ ಚಪ್ಪಲಿ, ಟಾರ್ಚು, ಮುರಿದ ಕೊಡೆ. ಅಪ್ಪನ ಕ್ಷೌರದ ಡಬ್ಬಿ ಮಾತ್ರ ಸಿಗಲಿಲ್ಲ.

ಅಪ್ಪ ಚಿನ್ನಯ್ಯ ಚಾವಡಿಯಲ್ಲಿ ಬಾಳೆಎಲೆಯ ಮೇಲೆ ಮಲಗಿದ್ದರು. ಬೆಳಿಗ್ಗೆಯಷ್ಟೇ ಆಸ್ಪತ್ರೆಯಿಂದ ತಂದದ್ದು. ನ್ಯುಮೋನಿಯಾ ಎಂದು ಅಲ್ಲಿದ್ದಷ್ಟು ದಿನವೂ ಯಾರೂ ಅವರ ಗಡ್ಡ ಮುಟ್ಟಿರಲಿಲ್ಲ. ಈಗ ಬಿಳಿ ಕೂದಲು ಎರಡೂ ಕೆನ್ನೆ ತುಂಬಿಕೊಂಡಿತ್ತು. ಬದುಕಿದ್ದಾಗ ಗಡ್ಡ ತೆಗೆಯದೆ ಚಹಾ ಕುಡಿದವರಲ್ಲ ಅವರು.

“ಅಕ್ಕ, ಬಿಡು. ಮಧ್ಯಾಹ್ನದೊಳಗೆ ಹೊರಡಬೇಕಂತೆ,” ಎಂದ ತಮ್ಮ ಉಜ್ವಲ್.

“ಈ ಮುಖ ಇಟ್ಟುಕೊಂಡು ಅಪ್ಪನನ್ನು ಕಳಿಸುವುದಿಲ್ಲ ನಾನು. ಸೆಲೂನಿನವರನ್ನಾದರೂ ಕರೆ.”

“ಇವತ್ತು ಮಂಗಳವಾರ ಮಾರಾಯ್ತಿ, ಎಲ್ಲ ಸೆಲೂನಿಗೂ ರಜೆ. ಫೋನ್ ಕೂಡ ಎತ್ತುವುದಿಲ್ಲ.”

“ಹಾಗಾದರೆ ಡಬ್ಬಿ ಹುಡುಕು. ಮಿಲಿಟರಿಯಿಂದ ತಂದದ್ದು, ಎಲ್ಲಿಗೆ ಹೋಗ್ತದೆ?”

“ಮೆಲ್ಲ ಹೇಳು! ಜನ ಇದ್ದಾರೆ.”

ಉಜ್ವಲನ ಸಂಕಟಕ್ಕೆ ಕಾರಣವಿತ್ತು. ವೇಣೂರು ಪೇಟೆಯ ತನ್ನ ಮೊಬೈಲ್ ಅಂಗಡಿಯ ಎದುರು ಅವನು ಬೆಳಿಗ್ಗೆಯೇ ಒಂದು ಫ್ಲೆಕ್ಸ್ ಕಟ್ಟಿಸಿದ್ದ. ಹಿಮದ ಬೆಟ್ಟ, ಕೈಯಲ್ಲಿ ದೊಡ್ಡ ಬಂದೂಕು, ಕೆಳಗೆ ‘ಗಡಿ ಕಾದ ವೀರಯೋಧ’ ಎಂಬ ಅಕ್ಷರ. ಯಾರದೋ ದೇಹಕ್ಕೆ ಚಿನ್ನಯ್ಯನವರ ತಲೆ ಅಂಟಿಸಿದ್ದರು. ಪಾಪ, ಅವರ ಕುತ್ತಿಗೆ ಅಷ್ಟು ದಪ್ಪ ಯಾವತ್ತೂ ಇರಲಿಲ್ಲ.

ನಿಜ ಹೇಳಬೇಕೆಂದರೆ ಚಿನ್ನಯ್ಯ ಸೈನ್ಯದಲ್ಲಿದ್ದದ್ದು ಬಾರ್ಬರ್ ಆಗಿ. ಶಾಲೆಯಲ್ಲಿ ಗೆಳೆಯರು ‘ನಿನ್ನ ಅಪ್ಪನದ್ದು ಯಾವ ಗನ್?’ ಎಂದು ಕೇಳಿದಾಗ ಉಜ್ವಲ್ ಬಾಯಿಗೆ ಬಂದ ಒಂದು ಹೆಸರು ಹೇಳಿದ್ದ. ಆಮೇಲೆ ಆ ಬಂದೂಕನ್ನು ಕೆಳಗಿಡಲು ಅವನಿಗೆ ಆಗಲೇ ಇಲ್ಲ.

“ಬೆಳ್ತಂಗಡಿಯಿಂದ ಮಾಜಿ ಸೈನಿಕರ ಸಂಘದವರು ಬರ್ತಾರೆ. ಇವತ್ತೊಂದು ದಿನ ಅಪ್ಪ ಸೈನಿಕ ಆಗಿಯೇ ಇರಲಿ ಅಕ್ಕ,” ಎಂದ.

“ಮತ್ತೆ ಬೇರೆ ಏನಾಗಿದ್ದರು ಅವರು?” ಎಂದಳು ಕಾಂತಿ.

*

ಕಾಂತಿ ಪಿಯುಸಿಯಲ್ಲಿದ್ದಾಗ ಚಿನ್ನಯ್ಯ ನಿವೃತ್ತರಾಗಿ ಊರಿಗೆ ಬಂದಿದ್ದರು. ಅದೇ ವರ್ಷ ನೆರೆಮನೆಯ ಅಜ್ಜ ತೀರಿಕೊಂಡರು. ಚಿನ್ನಯ್ಯ ಡಬ್ಬಿ ಹಿಡಿದುಕೊಂಡು ಹೋಗಿ ಹೆಣದ ಗಡ್ಡ ತೆಗೆದು ಬಂದರು. ಬಾವಿಕಟ್ಟೆಯಲ್ಲಿ ರೇಜರ್ ತೊಳೆಯುತ್ತಿದ್ದಾಗ ಕಾಂತಿ ಮುಖ ಕಿವುಚಿದಳು.

“ಸತ್ತವರಿಗೆ ಯಾಕಪ್ಪ ಅದೆಲ್ಲ?”

ಚಿನ್ನಯ್ಯನವರಿಗೆ ಸಿಟ್ಟು ಬರಲಿಲ್ಲ.

“ಸೈನ್ಯದಲ್ಲಿ ಬೆಳಿಗ್ಗೆ ಪರೇಡಿನಲ್ಲಿ ನಮ್ಮ ಬೆಳ್ತಂಗಡಿಯ ತ್ಯಾಂಪ ಸುಬೇದಾರರು ಹುಡುಗರ ದವಡೆ ಮೇಲೆ ಹತ್ತಿ ಎಳೆದು ನೋಡುವರು ಮಗಾ. ಎಳೆ ಸಿಕ್ಕಿಕೊಂಡರೆ ಹುಡುಗನಿಗೆ ಓಡುವ ಶಿಕ್ಷೆ, ನನಗೆ ಬೈಗುಳ. ಕಾರ್ಗಿಲ್ ಯುದ್ಧದ ಬೇಸಿಗೆಯಲ್ಲಿ ಅದೇ ಹುಡುಗರನ್ನು ಬೆಟ್ಟದಿಂದ ಹೊತ್ತು ತಂದರು. ಮುಖ ತೊಳೆದೆ, ಗಡ್ಡ ತೆಗೆದೆ. ಮಾಡು ಅಂತ ಯಾರೂ ಹೇಳಿದ್ದಲ್ಲ. ಪೆಟ್ಟಿಗೆ ತೆರೆದಾಗ ಅಮ್ಮ ಮೊದಲು ನೋಡುವುದು ಮುಖವನ್ನೇ ಅಲ್ವಾ?”

ರೇಜರ್ ಒರೆಸಿ ಡಬ್ಬಿಯಲ್ಲಿಟ್ಟು ಅವರು ಊಟಕ್ಕೆ ಎದ್ದರು. ಕಾಂತಿ ಬಾವಿಯಿಂದ ನೀರು ಸೇದಿ ಅವರ ಕೈಗೆ ಹೊಯ್ದಳು.

*

ಅಂಗಳದಲ್ಲಿ ರಿಕ್ಷಾ ನಿಂತಿತು. ಕೋಲೂರಿಕೊಂಡು ಇಳಿದವರು ಜಿನಸಿನ ಅಂಗಡಿಯ ಮೂಸಬ್ಬ, ಊರವರ ಬಾಯಲ್ಲಿ ಬ್ಯಾರಿಗಳು. ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋದ ಮೇಲೆ ಪ್ರತಿ ಗುರುವಾರ ಸಂಜೆ ಅವರ ಮನೆಗೆ ಹೋಗಿ ಕೆನ್ನೆ ಬೋಳಿಸಿ, ಗಡ್ಡ ಕತ್ತರಿಸಿ ಒಪ್ಪ ಮಾಡಿ ಬರುತ್ತಿದ್ದವರು ಚಿನ್ನಯ್ಯ. ಮೂಸಬ್ಬನವರ ಕಂಕುಳಲ್ಲಿ ಆ ಡಬ್ಬಿಯೇ ಇತ್ತು.

“ಕೊನೆಯ ಸಲ ಬಂದಾಗಲೇ ಜ್ವರ ಇತ್ತು ಅವರಿಗೆ. ಬೇಡ ಅಂದರೂ ಕೇಳಲಿಲ್ಲ. ಡಬ್ಬಿ ನಮ್ಮಲ್ಲೇ ಬಿಟ್ಟು ಹೋದರು,” ಎಂದರು. ಚಾವಡಿ ಹತ್ತಿ ಚಿನ್ನಯ್ಯನವರ ಪಕ್ಕ ಕುಳಿತರು. “ಮಗಳೇ, ನಾನು ಬಿದ್ದುಕೊಂಡಲ್ಲಿಯೂ ಮನುಷ್ಯನ ಹಾಗೆ ಕಂಡದ್ದು ಇವರಿಂದ. ಈ ಕೈ ಏಳುವುದಿದ್ದರೆ ಇವತ್ತು ನಾನೇ ಮಾಡ್ತಿದ್ದೆ.”

“ಕೊಡಿ ಬ್ಯಾರಿಗಳೇ. ನಾನು ಮಾಡ್ತೇನೆ,” ಎಂದಳು ಕಾಂತಿ.

ದೊಡ್ಡಮ್ಮ ಬಾಯಿಗೆ ಸೆರಗು ಹಿಡಿದರು. “ಹೆಣ್ಣುಮಕ್ಕಳು ಮಾಡುವುದುಂಟಾ ಇದನ್ನು?”

“ಇಲ್ಲದಿದ್ದರೆ ಇವತ್ತಿನಿಂದ ಉಂಟು ದೊಡ್ಡಮ್ಮ.”

ಸಾಬೂನು ಹಚ್ಚುವವರೆಗೆ ಧೈರ್ಯವಿತ್ತು. ರೇಜರ್ ಹಿಡಿದ ಮೇಲೆ ಹೇಗೆ ಎಳೆಯುವುದೆಂದು ಅವಳಿಗೆ ತಿಳಿಯಲಿಲ್ಲ. ಸಡಿಲ ಚರ್ಮದಲ್ಲಿ ಬ್ಲೇಡು ನಿಂತು ನಿಂತು ಹೋಗುತ್ತಿತ್ತು.

ಮೂಸಬ್ಬ ಹೇಳಿದರು: “ಕೆನ್ನೆಯನ್ನು ಕಿವಿಯ ಕಡೆಗೆ ಎಳೆದು ಹಿಡಿಯಬೇಕು. ನನಗೆ ಹಾಗೇ ಮಾಡ್ತಿದ್ದರು. ಮತ್ತೊಬ್ಬರು ತಲೆ ಹಿಡಿದರೆ ಒಳ್ಳೇದು.”

ಉಜ್ವಲ್ ಬಾಗಿಲಲ್ಲಿ ನಿಂತಿದ್ದ. ಅಂಗಳದ ಜನರನ್ನೊಮ್ಮೆ ನೋಡಿದ, ಅಕ್ಕನ ಕೈಯನ್ನೊಮ್ಮೆ ನೋಡಿದ. ಆಮೇಲೆ ಬಂದು ಕುಳಿತು ಅಪ್ಪನ ತಲೆಯನ್ನು ಮಡಿಲಿಗೆ ತೆಗೆದುಕೊಂಡ. ಚಿಕ್ಕಂದಿನಲ್ಲಿ ರಜೆಗೆ ಬಂದ ಅಪ್ಪ ಇದೇ ಚಾವಡಿಯಲ್ಲಿ ತನ್ನ ತಲೆಯನ್ನು ಹೀಗೆ ಹಿಡಿದು ಕೂದಲು ಕತ್ತರಿಸುತ್ತಿದ್ದುದು ಅವನಿಗೆ ನೆನಪಾಯಿತು. ಒಂದು ಸಲವೂ ಕಿವಿಗೆ ತಾಗಿಸಿದವರಲ್ಲ. ಉಜ್ವಲ್ ಬಿಕ್ಕಿ ಬಿಕ್ಕಿ ಅತ್ತ, ಆದರೆ ತಲೆ ಅಲುಗದ ಹಾಗೆ ಹಿಡಿದುಕೊಂಡ.

ಮೀಯಿಸಿ, ಬಿಳಿ ಬಟ್ಟೆ ಹೊದೆಸಿ, ಮೂಗಿಗೆ ಹತ್ತಿ ಇಡುವ ಹೊತ್ತಿಗೆ ಸಂಘದವರು ಹೂವಿನ ಚಕ್ರದೊಂದಿಗೆ ಬಂದರು. ಎಲ್ಲರಿಗಿಂತ ಮುಂದಿದ್ದವರು ಬೆನ್ನು ಬಾಗದ ಮುದುಕ, ತ್ಯಾಂಪ ಸುಬೇದಾರರು.

“ಪೇಟೆಯ ಫ್ಲೆಕ್ಸಿನಲ್ಲಿ ಚಿನ್ನಯ್ಯನಿಗೆ ಗನ್ ಕೊಟ್ಟದ್ದು ಯಾರು?”

ಉಜ್ವಲ್ ಎದ್ದು ನಿಂತ.

“ನಾನು ಸರ್. ಅಪ್ಪ ಬಾರ್ಬರ್ ಆಗಿದ್ದರು.” ಹಿಂದೆ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

ಸುಬೇದಾರರು ಅವನ ಭುಜದ ಮೇಲೆ ಕೈಯಿಟ್ಟರು. “ನನ್ನ ಹುಡುಗರ ಪೆಟ್ಟಿಗೆಗಳ ಜೊತೆ ಅವರ ಮನೆಗಳಿಗೆ ಹೋದವನು ನಾನು. ಒಬ್ಬ ತಾಯಿಯೂ ಮಗನ ಮುಖ ನೋಡಿ ಹೆದರಲಿಲ್ಲ. ತಬ್ಬಿಕೊಂಡರು, ಮುತ್ತು ಕೊಟ್ಟರು. ಅದು ನಿನ್ನ ಅಪ್ಪನ ಉಪಕಾರ. ಅವನಿಗೆ ಥ್ಯಾಂಕ್ಸ್ ಹೇಳುವ ಅಂತ ಎಷ್ಟು ಸಲ ಎಣಿಸಿದೆ, ಬರಲೇ ಇಲ್ಲ.”

ಅವರು ಚಿನ್ನಯ್ಯನವರ ಪಕ್ಕ ಕಷ್ಟಪಟ್ಟು ಮೊಣಕಾಲೂರಿದರು. “ಯಾರು ತೆಗೆದದ್ದು ಗಡ್ಡ?”

“ನಾನು,” ಎಂದಳು ಕಾಂತಿ. “ತಮ್ಮ ತಲೆ ಹಿಡಿದ. ಬ್ಯಾರಿಗಳು ಹೇಳಿಕೊಟ್ಟರು.”

ಸುಬೇದಾರರು ಹರಿವಾಣದಲ್ಲಿ ಉಳಿದಿದ್ದ ಹತ್ತಿಯಿಂದ ಒಂದು ತುಂಡು ಕಿತ್ತರು. ಅದನ್ನು ಚಿನ್ನಯ್ಯನವರ ಕಿವಿಯ ಬುಡದಿಂದ ದವಡೆಯುದ್ದಕ್ಕೆ, ಗಲ್ಲ ದಾಟಿಸಿ ಆಚೆ ಕಿವಿಯವರೆಗೆ ನಿಧಾನವಾಗಿ ಎಳೆದರು. ಸುಬೇದಾರರು ಬಗ್ಗಿ ಕೆನ್ನೆಯನ್ನು ನೋಡಿದರು. ಎಲ್ಲಿಯೂ ಹತ್ತಿಯ ಒಂದು ಎಳೆ ಉಳಿದಿರಲಿಲ್ಲ.

ಅವರು ಹತ್ತಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಉಜ್ವಲನ ಕೈ ಹಿಡಿದು ಎದ್ದು ನಿಂತು, ಬಾರ್ಬರ್ ಚಿನ್ನಯ್ಯನಿಗೆ ಸಲ್ಯೂಟ್ ಹೊಡೆದರು.