ಹದಿನಾಲ್ಕನೇ ಸಾಲಿನಲ್ಲಿ ಅಪ್ಪ

ವೆಬ್‌ಸೈಟ್ ಕಟ್ಟುವವರಿಗೆ ಕೆಲಸ ಹೇಳಿಕೊಡುವುದೇ ನನ್ನ ಕೆಲಸ. ಬಟನ್ನನ್ನು ಪುಟದ ನಟ್ಟನಡುವೆ ಕೂರಿಸುವುದು ಹೇಗೆ, ಚಿತ್ರಗಳು ಬೇಗ ತೆರೆದುಕೊಳ್ಳಲು ಏನು ಮಾಡಬೇಕು, ಮೊಬೈಲಿನಲ್ಲಿ ಮೆನು ಮುದುರಿಕೊಂಡರೆ ಅದನ್ನು ಬಿಡಿಸುವ ಬಗೆ ಯಾವುದು, ಇಂಥವನ್ನೆಲ್ಲ ಪುಟ್ಟ ಪುಟ್ಟ ಮಾರ್ಗದರ್ಶಿಗಳಾಗಿ ಬರೆಯುತ್ತೇನೆ. ಎಲ್ಲದರ ತಲೆಬರಹವೂ ‘ಹತ್ತು ನಿಮಿಷದಲ್ಲಿ’ ಎಂದು ಶುರುವಾಗುವುದರಿಂದ ಆಫೀಸಿನಲ್ಲಿ ನನ್ನನ್ನು ಹತ್ತು ನಿಮಿಷ ಎಂದೇ ಕರೆಯುತ್ತಾರೆ. ಊಟಕ್ಕೆ ಹೋಗಿ ಬರಲು ನಾನು ಒಂದು ಗಂಟೆ ಹಿಡಿದರೆ ಅದಕ್ಕೂ ನಗುತ್ತಾರೆ.

ನನ್ನ ಓದುಗರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ, ಯಾಕೆಂದರೆ ಅವರು ಓದುವುದಿಲ್ಲ. ಮೈ ಬಗ್ಗಿಸಿ ಒಂದು ಪುಟ ವಿವರಣೆ ಬರೆದು ಕೆಳಗೆ ಇಪ್ಪತ್ತು ಸಾಲು ಕೋಡ್ ಕೊಟ್ಟರೆ, ವಿವರಣೆಯನ್ನು ದಾಟಿಕೊಂಡು ಬಂದು ಕೋಡನ್ನು ಎತ್ತಿಕೊಂಡು ಹೋಗುತ್ತಾರೆ. ‘ಇಲ್ಲಿ ನಿಮ್ಮ ಅಂಗಡಿಯ ಹೆಸರು ಹಾಕಿ’ ಎಂದು ಬರೆದಿದ್ದರೆ, ಅದೇ ಅಂಗಡಿಯ ಹೆಸರಾಗಿ ದಪ್ಪಕ್ಷರದಲ್ಲಿ ಮೆರೆಯುತ್ತದೆ. ಹೀಗೆ ಕಣ್ಣು ಮುಚ್ಚಿಕೊಂಡು ನಕಲು ಹೊಡೆಯುವವರನ್ನು ಬೈದು ಒಂದು ಪ್ರತ್ಯೇಕ ಮಾರ್ಗದರ್ಶಿಯನ್ನೇ ಬರೆದೆ. ಅದನ್ನೂ ಯಾರೂ ಓದಲಿಲ್ಲ.

ಇನ್ನು ಅಪ್ಪ. ನಾನು, ಅಪ್ಪ ಒಂದೇ ಮನೆಯಲ್ಲಿದ್ದೇವೆ. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತರಾದವರು ಅವರು. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರಂ, ಕಿಟಕಿ ಪಕ್ಕದ ಸೀಟಿಗೆ ಬಿಸಿಲು ಬೀಳುತ್ತದೆಯೋ ಇಲ್ಲವೋ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ನಿವೃತ್ತರಾದ ಮೇಲೆ ಅವರನ್ನು ಯಾರೂ ಏನೂ ಕೇಳದಂತಾಯಿತು, ಆರೇ ತಿಂಗಳಲ್ಲಿ ಮನುಷ್ಯ ಇಳಿದುಹೋದರು. ಬೀದಿಯಲ್ಲಿ ಯಾರಾದರೂ ತಲೆಯೆತ್ತಿ ಮನೆ ನಂಬರು ನೋಡಿದರೆ ಸಾಕು, ಕಿಟಕಿಯಿಂದ ಬಗ್ಗಿ “ಎಲ್ಲಿಗೆ ಹೋಗ್ಬೇಕು?” ಎನ್ನುತ್ತಿದ್ದರು. ಕೊರಿಯರ್‌ನವರು ನಮ್ಮ ಬೀದಿಗೆ ಬರಲು ಹೆದರುವಂತಾಗಿತ್ತು. ಆಮೇಲೆ, ಎರಡು ವರ್ಷದಿಂದ ಈಚೆಗೆ, ಇದ್ದಕ್ಕಿದ್ದಂತೆ ಚೇತರಿಸಿಕೊಂಡರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಂಬತ್ತಕ್ಕೆ ತಮ್ಮ ಕೋಣೆಯ ಮೇಜಿಗೆ ಕೂತರೆ ಏಳುವುದು ಐದಕ್ಕೆ. ಬೆಳಗಿನ ವಾಕಿಂಗ್ ಮೈಗೆ ಹಿಡಿಸಿದೆ ಎಂದುಕೊಂಡು ನಾನು ನನ್ನ ಪಾಡಿಗಿದ್ದೆ.

ಕಳೆದ ಮಂಗಳವಾರ ತಿಂಡಿ ತಿನ್ನುವಾಗ ಅಪ್ಪ ಕೇಳಿದರು, “ದವಡೆ ಹಲ್ಲು ಕೀಳಿಸಿದ ಮೇಲೆ ಎಷ್ಟು ದಿನಕ್ಕೆ ಗಟ್ಟಿ ಪದಾರ್ಥ ತಿನ್ನಬಹುದು?”

“ಯಾಕಪ್ಪ, ಹಲ್ಲು ನೋವಾ?”

“ನನಗಲ್ಲ, ನಮ್ಮವರೊಬ್ಬರಿಗೆ. ಡಾಕ್ಟರನ್ನ ಕೇಳಿದೀನಿ, ಹತ್ತು ಗಂಟೆಗೆ ಹೇಳ್ತಾರೆ. ಅಷ್ಟರಲ್ಲಿ ನಿನಗೇನಾದ್ರೂ ಗೊತ್ತಿದ್ಯಾ ಅಂತ.”

“ಯಾರು ಆ ನಮ್ಮವರು?”

“ಹೆಸರು ಹೇಳೋ ಹಾಗಿಲ್ಲ. ನಂಬಿಕೊಂಡು ಬರೆದಿರ್ತಾರೆ.”

ನಾನು ತಟ್ಟೆ ಬಿಟ್ಟು ಎದ್ದು ಅವರ ಕೋಣೆಗೆ ಹೋದೆ. ಕಂಪ್ಯೂಟರಿನಲ್ಲಿ ಅವರ ಇನ್‌ಬಾಕ್ಸ್ ತೆರೆದಿತ್ತು. ಆ ಇಮೇಲ್ ವಿಳಾಸ ಮಾಡಿಕೊಟ್ಟವಳು ನಾನೇ, ಅದಕ್ಕೆ ಯಾರೂ ಬರೆಯುವುದಿಲ್ಲ ಎಂದು ನಂಬಿದವಳೂ ನಾನೇ. ಅದರಲ್ಲಿ ನಾಲ್ಕು ಸಾವಿರ ಚಿಲ್ಲರೆ ಮೇಲ್‌ಗಳಿದ್ದವು. ಒಬ್ಬರು ಹಲ್ಲಿನ ಆಸ್ಪತ್ರೆಗೆ ಬರೆದಿದ್ದರು. ಇನ್ನೊಬ್ಬರು ನಾಯಿಗಳನ್ನು ನೋಡಿಕೊಳ್ಳುವ ಕೇಂದ್ರಕ್ಕೆ, ನಾಲ್ಕು ದಿನ ಬಿಟ್ಟುಹೋದರೆ ನಮ್ಮ ನಾಯಿ ಬೇಜಾರು ಮಾಡಿಕೊಳ್ಳುತ್ತದೆಯೇ ಎಂದು. ಮತ್ತೊಬ್ಬರು ಈಜು ಶಾಲೆಗೆ, ಐವತ್ತಾರನೇ ವಯಸ್ಸಿನಲ್ಲಿ ಕಲಿಯಲು ಬಂದರೆ ನಗುತ್ತೀರಾ ಎಂದು. ಎಲ್ಲಕ್ಕೂ ಅಪ್ಪ ಉತ್ತರ ಕೊಟ್ಟಿದ್ದರು. ಈಜಿನವರಿಗೆ ಹೀಗಿತ್ತು: ‘ಯಾರೂ ನಗುವುದಿಲ್ಲ. ಗುರುವಾರ ಬೆಳಿಗ್ಗೆ ಜನ ಕಡಿಮೆ. ಟವೆಲ್ ನೀವೇ ತರಬೇಕು.’

ಎಲ್ಲವೂ ಬೇರೆ ಬೇರೆ ಸೈಟುಗಳ ಸಂಪರ್ಕ ಪುಟದಿಂದ ಬಂದವು. ‘ಹತ್ತು ನಿಮಿಷದಲ್ಲಿ ಸಂಪರ್ಕ ಪುಟ’ ಎಂಬ ನನ್ನ ಮಾರ್ಗದರ್ಶಿಯನ್ನು ತೆರೆದೆ. ಗಿರಾಕಿಗಳು ಸೈಟಿನಲ್ಲಿ ಪ್ರಶ್ನೆ ಬರೆದು ಬಟನ್ ಒತ್ತಿದರೆ ಅದು ಸೈಟಿನ ಒಡೆಯರಿಗೆ ಹೋಗಿ ಮುಟ್ಟುವಂತೆ ಮಾಡುವ ಕೋಡ್ ಅದು. ನಾನು ಬರೆದದ್ದರಲ್ಲೇ ಅತಿ ಹೆಚ್ಚು ಜನ ಬಳಸಿದ್ದು. ಹದಿನಾಲ್ಕನೇ ಸಾಲಿನಲ್ಲಿ, ಒಡೆಯರ ವಿಳಾಸ ಇರಬೇಕಾದ ಜಾಗದಲ್ಲಿ, ಅಪ್ಪನ ವಿಳಾಸವಿತ್ತು. ಎರಡು ವರ್ಷದ ಹಿಂದೆ ಪರೀಕ್ಷೆಗೆಂದು ಹಾಕಿದ್ದೆ, ತೆಗೆಯಲು ಮರೆತಿದ್ದೆ. ಓದುಗರು ಎಂದಿನಂತೆ ಓದಿರಲಿಲ್ಲ.

ಉತ್ತರ ಬಾರದೆ ಹೋಗಿದ್ದರೆ ಯಾರಾದರೂ ಕೂಗಾಡುತ್ತಿದ್ದರು, ತಪ್ಪು ವಾರದೊಳಗೆ ಬಯಲಾಗುತ್ತಿತ್ತು. ಆದರೆ ಅಪ್ಪ ಆಯಾ ಜಾಗಕ್ಕೆ ಫೋನ್ ಮಾಡಿ, ವಿಚಾರಿಸಿಕೊಂಡು, ಸಂಜೆಯೊಳಗೆ ಉತ್ತರ ಕಳಿಸಿಬಿಡುತ್ತಿದ್ದರು. ಹಾಗಾಗಿ ಒಬ್ಬರಿಗೂ ಅನುಮಾನ ಬಂದಿರಲಿಲ್ಲ. ಹಿಂದೆಯೇ ಬಂದು ಬಾಗಿಲಲ್ಲಿ ನಿಂತ ಅಪ್ಪ ಇದನ್ನೆಲ್ಲ ತಾವೇ ಹೇಳಿದರು. ಹಲ್ಲಿನ ಆಸ್ಪತ್ರೆಯ ರಿಸೆಪ್ಷನ್ ಹುಡುಗಿ ಇವರನ್ನು ಮೇಲಿನ ಆಫೀಸಿನವರೆಂದು ತಿಳಿದು ಒಮ್ಮೆ ರಜೆ ಕೇಳಿದ್ದಳಂತೆ.

“ನೀವೇನಂದ್ರಿ?”

“ಕೊಟ್ಟೆ. ಪಾಪ, ಮಗುವಿಗೆ ಜ್ವರ ಬಂದಿತ್ತು.”

ನಾನು ತಲೆ ಮೇಲೆ ಕೈ ಹೊತ್ತು ಕೂತೆ. “ಅಪ್ಪ, ಎರಡು ವರ್ಷದಲ್ಲಿ ನನಗೊಂದು ಮಾತು ಹೇಳಬಾರದಿತ್ತಾ?”

“ನಿನಗೇನು ಹೇಳೋದು? ನೀನೇ ಕೊಡಿಸಿದ ಕೆಲಸ ತಾನೇ?” ಎಂದರು ಅಪ್ಪ. “ನಾನು ಸೊರಗ್ತಾ ಇದ್ದಿದ್ದು ನೋಡಿದೆ. ಬಾಯಿಬಿಟ್ಟು ಹೇಳಿದ್ರೆ ಬೇಡ ಅಂತೀನಿ ಅಂತ ಸದ್ದಿಲ್ಲದೆ ನನ್ನ ವಿಳಾಸ ಹಾಕಿದೆ. ನೀನು ಬರೆದದ್ದನ್ನ ನಾನು ಓದಲ್ವಾ? ಹದಿನಾಲ್ಕನೇ ಸಾಲು ನೋಡಿದ ದಿನ ನನಗೆಷ್ಟು ಖುಷಿ ಆಯ್ತು ಗೊತ್ತಾ? ನೀನು ಗುಟ್ಟು ಅಂದ್ಕೊಂಡಿದೀಯ, ಇರಲಿ ಅಂತ ನಾನೂ ಸುಮ್ಮನಿದ್ದೆ.”

ಇಡೀ ಪ್ರಪಂಚದಲ್ಲಿ ಆ ಮಾರ್ಗದರ್ಶಿಯನ್ನು ಕೊನೆಯವರೆಗೂ ಓದಿದವರು ಅಪ್ಪ ಒಬ್ಬರೇ ಇರಬೇಕು. ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ. “ಹೌದಪ್ಪ, ನಾನೇ,” ಎಂದುಬಿಟ್ಟೆ.

ಆದರೆ ಸರಿಪಡಿಸದೆ ವಿಧಿಯಿರಲಿಲ್ಲ. ಹಲ್ಲು ನೋವಿನವರ ಗುಟ್ಟು ಹಲ್ಲಿನ ಡಾಕ್ಟರಿಗೇ ಮುಟ್ಟಬೇಕು. ಬುಧವಾರ ಆಫೀಸಿಗೆ ಹೋದವಳೇ ಆ ಸಾಲು ತಿದ್ದಿದೆ. ಅಪ್ಪನಿಗೆ ಬಂದ ಮೇಲ್‌ಗಳ ಲೆಕ್ಕದಲ್ಲಿ, ಆಗಲೇ ನಕಲು ಹೊಡೆದುಕೊಂಡು ಹೋಗಿದ್ದ ಐವತ್ತೆಂಟು ಸೈಟುಗಳಿದ್ದವು. ಅವರೆಲ್ಲರಿಗೂ ತಿಳಿಸಬೇಕಿತ್ತು, ಅದಕ್ಕೂ ಮೊದಲು ಅಪ್ಪನಿಗೆ. ಸಂಜೆ ಮನೆಗೆ ಬಂದು, ಮೇಲಿನವರ ತೀರ್ಮಾನ, ಆ ಹುದ್ದೆ ರದ್ದಾಯಿತು ಎಂದು ತೊದಲಿದೆ.

ಅಪ್ಪ ಕದಲಲಿಲ್ಲ. “ಬಾಯಿಮಾತಲ್ಲಿ ಹೇಳಿದ್ರೆ ನಾನು ಕುರ್ಚಿ ಬಿಡಲ್ಲ. ಕಾರಣ ಹಾಕಿ ಬರೆದುಕೊಡು.”

ಬರೆಯಲು ಕೂತೆ. ನಾಲ್ಕು ಸಲ ನಾಲ್ಕು ಸುಳ್ಳು ಕಾರಣ ಬರೆದು ನಾಲ್ಕನ್ನೂ ಹರಿದೆ. ಎದುರೆದುರೇ ಸುಳ್ಳು ಹೇಳುವುದು ನನಗೆ ಬರುತ್ತದೆ, ಬರವಣಿಗೆಯಲ್ಲಿ ಅಭ್ಯಾಸವಿಲ್ಲ. ಐದನೆಯ ಸಲ ಇದ್ದದ್ದನ್ನು ಇದ್ದ ಹಾಗೆ ಬರೆದೆ: ‘ಈ ಕೆಲಸವನ್ನು ನಿಮಗೆ ಯಾರೂ ಕೊಟ್ಟಿರಲಿಲ್ಲ. ನಿಮ್ಮ ವಿಳಾಸ ತೆಗೆಯಲು ನಾನು ಮರೆತಿದ್ದೆ. ನೀವು ಸೊರಗುತ್ತಿದ್ದದ್ದು ಕಾಣುತ್ತಿತ್ತು, ನಾನು ಏನೂ ಮಾಡಲಿಲ್ಲ.’

ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು. ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು, ಅವರು ಬೈಯಲಿಲ್ಲ.

“ಆ ಐವತ್ತೆಂಟು ಜನಕ್ಕೆ ಯಾರು ಹೇಳ್ತಾರೆ?” ಎಂದರು ಆಮೇಲೆ.

“ನಾನೇ ಬರೀತೀನಿ.”

“ನೀನು ಬರೆದದ್ದನ್ನ ಅವರು ಓದಲ್ಲ. ನಾನು ಬರೀತೀನಿ.”

ಮರುದಿನ ನಾನು ಆಫೀಸಿಗೆ ರಜೆ ಹಾಕಿದ್ದೆ. ಅಪ್ಪ ಎಂದಿನಂತೆ ಇಸ್ತ್ರಿ ಅಂಗಿ ತೊಟ್ಟು ಒಂಬತ್ತಕ್ಕೆ ಕೂತು, ಹನ್ನೊಂದಕ್ಕೆ ನನ್ನನ್ನು ಕರೆದು, “ನೋಡು, ತಪ್ಪಿದ್ರೆ ತಿದ್ದು,” ಎಂದರು. ಪರದೆಯ ಮೇಲೆ ಇಷ್ಟಿತ್ತು:

‘ನಿಮ್ಮ ಸಂಪರ್ಕ ಪುಟದ ಫೈಲು ತೆರೆಯಿರಿ. ಹದಿನಾಲ್ಕನೇ ಸಾಲಿಗೆ ಬನ್ನಿ. ಅಲ್ಲಿರುವುದು ನಾನು. ನನ್ನನ್ನು ಅಳಿಸಿ, ಆ ಜಾಗದಲ್ಲಿ ನಿಮ್ಮ ವಿಳಾಸ ಹಾಕಿ. ಅಕ್ಕಪಕ್ಕದ ಚಿಹ್ನೆಗಳನ್ನು ಮುಟ್ಟಬೇಡಿ. ಸೇವ್ ಮಾಡಿ. ಆಮೇಲೆ ನೀವೇ ಒಂದು ಪ್ರಶ್ನೆ ಕಳಿಸಿ ನೋಡಿ. ಅದು ನಿಮಗೆ ಬಂದರೆ ಕೆಲಸ ಸರಿಯಾಯಿತು. ನನಗೆ ಬಂದರೆ ತಿಳಿಸುತ್ತೇನೆ.’

ಒಂಬತ್ತು ವರ್ಷದಿಂದ ಮಾರ್ಗದರ್ಶಿ ಬರೆಯುತ್ತಿದ್ದೇನೆ, ಇಷ್ಟು ಚೊಕ್ಕವಾದದ್ದನ್ನು ಬರೆದಿಲ್ಲ. ತಿದ್ದಲು ಒಂದಕ್ಷರ ಸಿಗಲಿಲ್ಲ.

“ಕಳಿಸಲಾ?” ಅಪ್ಪ ಕೇಳಿದರು.

“ಅವಸರ ಏನಿದೆ? ನಾಳೆ ಇನ್ನೊಂದು ಸಲ ನೋಡೋಣ. ಇಲ್ಲ ಅಂದ್ರೆ ಮುಂದಿನ ವಾರ.”

“ಇನ್ನೇನು ನೋಡೋದು? ಅಲ್ಲಿ ಜನ ಕಾಯ್ತಿರ್ತಾರೆ,” ಎಂದು ಅಪ್ಪ ಕನ್ನಡಕ ಮೇಲಕ್ಕೆ ಸರಿಸಿಕೊಂಡು, ತೋರುಬೆರಳೊಂದರಿಂದಲೇ, ಐವತ್ತೆಂಟು ಕಡೆಗೂ ಒಟ್ಟಿಗೆ ಕಳಿಸಿಬಿಟ್ಟರು.