ನೂರಿಪ್ಪತ್ತು ಮೀಟರ್ ದಾರ

೨೦೨೪ರ ಫೆಬ್ರವರಿ ೧೧, ಭಾನುವಾರ. ಗಾಜನೂರಿನ ಆಚೆಯ ಬಯಲಿನಲ್ಲಿ ಹನ್ನೊಂದು ಮಾದರಿ ಗ್ಲೈಡರುಗಳು ಸ್ಪರ್ಧೆಗೆ ಸೇರಿದ್ದವು. ಎತ್ತರ ಅಳೆಯುವ ಮೀಟರ್ ಇದ್ದವು ಹತ್ತು, ಇಲ್ಲದ್ದು ಒಂದು. ಆ ಒಂದು ಮುಸ್ತಕೀಮನದು.

ನಿಯಮಗಳನ್ನು ಬರೆದವನು ನಾನು. ಗ್ಲೈಡರಿಗೆ ಎಂಜಿನ್ ಇಲ್ಲ. ನೂರಿಪ್ಪತ್ತು ಮೀಟರ್ ದಾರಕ್ಕೆ ಸಿಕ್ಕಿಸಿ, ಒಬ್ಬರು ಓಡುತ್ತ ಗಾಳಿಪಟದಂತೆ ಏರಿಸಬೇಕು. ದಾರ ಕಳಚಿದ ಮೇಲೆ ಹಾರಿದ ಪ್ರತಿ ಸೆಕೆಂಡಿಗೆ ಒಂದು ಅಂಕ. ಎತ್ತರದಿಂದ ಹೊರಟವನಿಗೆ ಅನುಕೂಲ ಹೆಚ್ಚು. ಆದ್ದರಿಂದ ಕಳಚಿದ ಎತ್ತರದ ಪ್ರತಿ ಮೀಟರಿಗೆ ಅರ್ಧ ಅಂಕ ಕಡಿತ. ಮೀಟರ್ ಇಲ್ಲದಿದ್ದರೆ ದಾರದ ಉದ್ದವನ್ನೇ ಎತ್ತರವೆಂದು ಹಿಡಿಯತಕ್ಕದ್ದು.

ಮುಸ್ತಕೀಮ್ ಜನ್ನಾಪುರದ ಸ್ಕೂಟರ್ ಮೆಕ್ಯಾನಿಕ್. ಅವನ ಕಣ್ಣಿನ ನರ ಸೊರಗುತ್ತಿತ್ತು. ಮಳೆಗಾಲದ ಹೊತ್ತಿಗೆ ಹಾರುವ ರೆಕ್ಕೆ ಕಾಣಲಾರದೆಂದು ವೈದ್ಯರು ಹೇಳಿದ್ದರು. ಗೆದ್ದ ಒಬ್ಬರಿಗೆ ಮಾರ್ಚಿನ ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಸ್ಥಾನವಿತ್ತು. ಒಮ್ಮೆ ಅಲ್ಲಿ ಹಾರಿಸಬೇಕೆಂಬುದಷ್ಟೇ ಅವನ ಆಸೆ.

ಅವನ ದಾರ ಎಳೆಯುವವರು ಹೆಂಡತಿ ಫಿರೋಜಾ. ವಯಸ್ಸು ಐವತ್ತೆರಡು. ಆಕೆ ಓಡುತ್ತಿರಲಿಲ್ಲ, ಬೇಗ ನಡೆಯುತ್ತಿದ್ದರು.

"ಏನ್ ಮಾರಾಯ, ಭಾಬಿ ಸಂತೆಗೆ ಹೊರಟಂಗಿದೆಯಲ್ಲ!" ಎಂದು ಎದುರಾಳಿ ರುದ್ರೇಶ ನಕ್ಕ.

"ಸಂತೆಗಾದ್ರೆ ಇನ್ನೂ ಜೋರಾಗಿ ಹೋಗ್ತಾಳೆ ಬಿಡು," ಎಂದ ಮುಸ್ತಕೀಮ್.

ರುದ್ರೇಶ ಇನ್ನೂರ ಅರವತ್ತೊಂಬತ್ತು ಸೆಕೆಂಡು ಹಾರಿಸಿದ. ಮೀಟರ್ ತೋರಿಸಿದ ಎತ್ತರ ನೂರಹತ್ತು. ಅಂಕ ಇನ್ನೂರ ಹದಿನಾಲ್ಕು. ಮುಸ್ತಕೀಮನದು ಇನ್ನೂರ ಅರವತ್ತೆಂಟು ಸೆಕೆಂಡು. ಮೀಟರ್ ಇಲ್ಲದ್ದರಿಂದ ದಾರದ ಲೆಕ್ಕದಲ್ಲಿ ಅರವತ್ತು ಕಳೆದು ಇನ್ನೂರೆಂಟು.

"ಮೇಷ್ಟ್ರೇ, ನಂದು ಅಷ್ಟು ಮೇಲೆ ಹೋಗೇ ಇಲ್ಲ. ಇವಳು ಎಳೆದಿದ್ದನ್ನ ನೀವೇ ನೋಡಿದ್ರಲ್ಲ."

"ದಾರ ಎಲ್ಲರಿಗೂ ಒಂದೇ ಉದ್ದ," ಎಂದೆ. ರುದ್ರೇಶನ ಹೆಸರನ್ನು ಅಂದೇ ರಾಜ್ಯ ಸಂಘಕ್ಕೆ ಕಳುಹಿಸಿದೆ.

ದುರ್ಗಿಗುಡಿಯ ಮನೆಗೆ ಬಂದ ಮೇಲೆ, ನನ್ನ ನಿಯಮ ಸರಿಯೆಂದು ಖಚಿತಪಡಿಸಿಕೊಳ್ಳಲು ಚಿತ್ರ ಬರೆದೆ. ಅದು ಲಂಬಕೋನ ತ್ರಿಭುಜ. ದಾರ ಅದರ ವಿಕರ್ಣ. ಎತ್ತರ ಬೇರೆಯೇ ಬಾಹು. ಎಳೆತ ನಿಧಾನವಾದಷ್ಟೂ ದಾರ ಓರೆಯಾಗುತ್ತದೆ, ಎತ್ತರ ಕುಗ್ಗುತ್ತದೆ. ಮೂವತ್ತೊಂದು ವರ್ಷ ಇದನ್ನೇ ಮಕ್ಕಳಿಗೆ ಕಲಿಸಿದ್ದೆ. ಅವರು ತಪ್ಪಿದಾಗ ಬೆಂಚಿನ ಮೇಲೆ ನಿಲ್ಲಿಸಿದ್ದೆ.

ಬುಧವಾರ ರುದ್ರೇಶನ ಮೀಟರನ್ನು ಮುಸ್ತಕೀಮನ ಗ್ಲೈಡರಿಗೆ ಕಟ್ಟಿಸಿ, ಫಿರೋಜಾ ಅವರಿಂದ ಮೂರು ಸಲ ಎಳೆಸಿದೆ. ಎಪ್ಪತ್ತೊಂದು, ಎಪ್ಪತ್ತನಾಲ್ಕು, ಅರವತ್ತೆಂಟು. ಸರಾಸರಿ ಎಪ್ಪತ್ತೊಂದು. ಆ ಲೆಕ್ಕದಲ್ಲಿ ಅವನ ಅಂಕ ಇನ್ನೂರ ಮೂವತ್ತೆರಡೂವರೆ. ಅವನು ಹದಿನೆಂಟೂವರೆ ಅಂಕಗಳಿಂದ ಗೆದ್ದಿದ್ದ.

"ನಾನು ಹಿಂದೆ ಸರೀತೀನಿ, ಅವನ ಹೆಸರು ಹಾಕಿ," ಎಂದ ರುದ್ರೇಶ. ಈಗ ಅವನು ನಗುತ್ತಿರಲಿಲ್ಲ.

ಸಂಘಕ್ಕೆ ಎರಡು ಪತ್ರ ಬರೆದೆ, ನಾಲ್ಕು ಸಲ ಫೋನ್ ಮಾಡಿದೆ. ಪಟ್ಟಿ ಮುಗಿದಿದೆ, ಬದಲಿ ಹೆಸರಿಗೆ ಅವಕಾಶವಿಲ್ಲ ಎಂದರು. ಮಾರ್ಚಿನಲ್ಲಿ ಶಿವಮೊಗ್ಗದಿಂದ ಯಾರೂ ಹೋಗಲಿಲ್ಲ.

ಜುಲೈನಲ್ಲಿ, ತಿದ್ದಿದ ಫಲಿತಾಂಶಕ್ಕೆ ಸಹಿ ಹಾಕಿ ಜನ್ನಾಪುರಕ್ಕೆ ಒಯ್ದೆ. ಮುಸ್ತಕೀಮ್ ಕಾಗದವನ್ನು ಮುಖದ ಹತ್ತಿರ ಹಿಡಿದ, ಓರೆ ಮಾಡಿದ, ಕೊನೆಗೆ ಹೆಂಡತಿಗೆ ಕೊಟ್ಟ.

"ಏನು ಬರ್ದಿದಾರೆ?"

"ನೀವು ಫಸ್ಟ್ ಅಂತ."

"ಹೌದಾ," ಎಂದ. "ಮೇಷ್ಟ್ರಿಗೆ ಚಾ ಕೊಡು."

ಚಹಾ ಕುಡಿದೆ. ಕ್ಷಮೆ ಕೇಳದೆಯೇ ಎದ್ದು ಬಂದೆ. ಅಂಕಗಳನ್ನು ಕೊಟ್ಟಾಯಿತು, ಅವನಿಗೆ ಸಲ್ಲಬೇಕಾದ ಒಂದು ಹಾರಾಟ ಹಾಗೆಯೇ ಬಾಕಿ ಇದೆ.