ಅಂಗಿಯಂಚು ಹರಿದು ಕೊಟ್ಟ ಮಾತು

ಪರ್ವೊನಾ ತೊಟ್ಟಿಲಲ್ಲಿದ್ದಾಗಲೇ ತಾಯಿ ಸವ್ರಿಗುಲ್ ತನ್ನ ಅಣ್ಣ ಸಫರ್‌ಗೆ ಮಾತು ಕೊಟ್ಟಿದ್ದಳು: ಈ ಕೂಸು ನಿನ್ನ ಕಿರಿಮಗನಿಗೇ. ಜರಫ್ಶಾನ್ ಕಣಿವೆಯ ಪದ್ಧತಿಯಂತೆ ಎರಡೂ ಕೂಸುಗಳ ಅಂಗಿಯಂಚು ಹರಿದು, ರೊಟ್ಟಿ ಮುರಿದು ಹಂಚಿದ್ದರು. ಸವ್ರಿಗುಲ್‌ಳ ಹಿರಿಮಗಳು ಅಂಜುರತ್ ಸಫರ್‌ನ ಹಿರಿಮಗನ ಕೈ ಹಿಡಿದದ್ದೂ ಹೀಗೆಯೇ.

ಅಂಜುರತ್‌ಳ ಮಗ ನೊಜಿಮ್ ಹುಟ್ಟಿದಾಗ ಗುಂಡುಗುಂಡಾಗಿದ್ದ. ನಡೆಯಲು ಕಲಿತ ಮೇಲೆ ಎದೆಗೂಡು ಮುಂದಕ್ಕೆ ಚಾಚಿತು, ಮಂಡಿಗಳು ಒಂದಕ್ಕೊಂದು ತಾಗಿದವು, ಬೆಳವಣಿಗೆ ನಿಂತೇಹೋಯಿತು. ಬುದ್ಧಿ ಮಾತ್ರ ಚುರುಕು. ಅಜ್ಜಿ ಸವ್ರಿಗುಲ್ ಅವನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಡುತ್ತಿದ್ದಳು.

ಸಫರ್ ಪರ್ವೊನಾಳ ಮದುವೆಗೆ ದಿನ ಗೊತ್ತುಮಾಡಲು ತಂಗಿಯ ಮನೆಗೆ ಬಂದಾಗ, ನೊಜಿಮ್‌ನನ್ನು ನೋಡಲು ದಾದಿ ಒಯ್ದಿನ್ ಕೂಡ ಬಂದಿದ್ದಳು.

"ಸಫರಣ್ಣ, ಮದ್ವೆಗೆ ಮುಂಚೆ ಹುಡುಗ ಹುಡುಗಿ ಇಬ್ರ ರಕ್ತಾನೂ ಪರೀಕ್ಷೆ ಮಾಡ್ಸಿ," ಎಂದಳು.

"ಯಾಕಮ್ಮ, ನಮ್ಮ ರಕ್ತಕ್ಕೇನು ಹುಳ ಬಿದ್ದಿದ್ಯಾ? ಅಂಜುರತ್ ಬಸುರಿದ್ದಾಗ ಗೋರಿಗಳ ಹತ್ರ ಓಡಾಡಿದ್ಲು. ಅದಕ್ಕೇ ಮಗು ಹೀಗಾಗಿದ್ದು."

"ಪಾಪ, ಅವಳನ್ನ ಯಾಕೆ ದೂರ್ತೀರ? ಇದು ಅಪ್ಪ ಅಮ್ಮ ಇಬ್ರಿಂದ್ಲೂ ಬರೋ ಕಾಯಿಲೆ. ದೋಷ ಅವ್ರ ಒಳಗೆ ಅಡಗಿರುತ್ತೆ, ಅವ್ರು ಗಟ್ಟಿಮುಟ್ಟಾಗೇ ಇರ್ತಾರೆ. ಇಬ್ರದ್ದೂ ಮಗೂಗೆ ಬಂದ್ರೆ ಮೂಳೆ ಹೀಗೆ ಬಾಗುತ್ತೆ. ಅಪ್ಪ ಅಮ್ಮ ಇಬ್ರಲ್ಲೂ ದೋಷ ಇದ್ರೆ ಪ್ರತಿ ಬಸುರಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಒಂದೇ ಮನೆತನ ಆದ್ರೆ ಇಬ್ರಲ್ಲೂ ಅದೇ ದೋಷ ಇರೋ ಸಾಧ್ಯತೆ ಜಾಸ್ತಿ."

"ಮೂರು ಪಾಲು ಒಳ್ಳೇದೇ ಅಲ್ವಾ!" ಸಫರ್ ನಕ್ಕ. "ಕುರಿ ವ್ಯಾಪಾರದಲ್ಲಿ ಇದಕ್ಕಿಂತ ನಷ್ಟ ಕಂಡಿದೀನಿ."

ಗೋಡೆಗೊರಗಿ ಕೂತಿದ್ದ ನೊಜಿಮ್ ಕೇಳಿದ, "ಅಜ್ಜ, ಆ ಒಂದು ಪಾಲು ನಾನಾ?"

ಸಫರ್‌ನ ನಗು ಅಲ್ಲೇ ಉಡುಗಿತು.

ಸವ್ರಿಗುಲ್‌ಗೆ ಒಡಹುಟ್ಟಿದವನೆಂದರೆ ಇವನೊಬ್ಬನೇ. ಆದರೂ ಹೇಳಿದಳು: "ಪರೀಕ್ಷೆ ಆಗ್ದೆ ಮಗಳನ್ನ ಕೊಡಲ್ಲ ಅಣ್ಣ. ನೀನು ಮುನಿಸ್ಕೊಂಡ್ರೂ ಸರಿ."

ಸಫರ್ ಚಹಾದ ಬಟ್ಟಲು ಕೆಳಗಿಟ್ಟ. ಏಳುವಾಗ, "ನಾಡಿದ್ದು ಪಟ್ಟಣಕ್ಕೆ ಗಾಡಿ ಹೋಗುತ್ತೆ. ಹುಡುಗನ್ನ ಕಳಿಸ್ತೀನಿ," ಎಂದ.

ಪರ್ವೊನಾ, ಸಫರ್‌ನ ಕಿರಿಮಗ, ಇಬ್ಬರ ರಕ್ತದಲ್ಲೂ ಅದೇ ದೋಷ ಸಿಕ್ಕಿತು. ನೊಜಿಮ್‌ನ ಬಾಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿ ತಮ್ಮಲ್ಲಿಲ್ಲವೆಂದು ವೈದ್ಯರು ಹೇಳಿದರು.

ನೊಜಿಮ್ ಮಲಗಿದ ಮೇಲೆ ಸಫರ್ ತಂಗಿಗೆ ಹೇಳಿದ: "ಪರ್ವೊನಾಗೆ ಬೇರೆ ಕಡೆ ನೋಡು. ಇನ್ನೊಂದು ಕೂಸು ಹೀಗೆ ನರಳೋದನ್ನ ನೋಡೋ ಶಕ್ತಿ ನನಗಿಲ್ಲ."

ಓದುತ್ತಿರುವ ತಾಯಂದಿರೇ, ತಂದೆಯರೇ, ನಿಮ್ಮ ಮನೆತನದಲ್ಲಿ ಸರಿಯಾಗಿ ಬೆಳೆಯದ ಮಗುವಿದ್ದರೆ ಮುಚ್ಚಿಡಬೇಡಿ. ಹೆತ್ತವಳನ್ನು ದೂರಬೇಡಿ. ಅದರಲ್ಲೂ ಸಂಬಂಧದೊಳಗೇ ಮದುವೆಯ ಮಾತು ನಡೆದಿದ್ದರೆ, ದಿನ ಗೊತ್ತುಮಾಡುವ ಮೊದಲು ವೈದ್ಯರನ್ನು ಕೇಳಿ.

ಪರ್ವೊನಾಳನ್ನು ಸಫರ್‌ನ ಮನೆಗೆ ಕೊಡಲಿಲ್ಲ. ಸವ್ರಿಗುಲ್ ಕೊಟ್ಟ ಮಾತು ಮುರಿಯಿತು.